ಯಂತ್ರ ಬರೆದದ್ದನ್ನು ಅಳಿಸುವ ಹಕ್ಕು ಯಾರದು?

2023ರ ಜೂನ್ 5ರಂದು ಸ್ಟ್ಯಾಕ್ ಓವರ್‌ಫ್ಲೋ ಮಾಡರೇಟರ್‌ಗಳು ಮುಷ್ಕರ ಹೂಡಿದರು. ಸ್ಟ್ಯಾಕ್ ಓವರ್‌ಫ್ಲೋ ಅಂದರೆ ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಜಾಲತಾಣ, ಮಾಡರೇಟರ್‌ಗಳು ಅಂದರೆ ಅಲ್ಲಿ ಬರುವ ಬರಹಗಳ ಮೇಲೆ ಕಣ್ಣಿಟ್ಟು ಕೆಟ್ಟದ್ದನ್ನು ತೆಗೆಯುವ ಸ್ವಯಂಸೇವಕರು. ಒಂದು ರೂಪಾಯಿ ಸಂಬಳ ಪಡೆಯದವರ ಮುಷ್ಕರ. ನನ್ನಂತೆ ಸಾಫ್ಟ್‌ವೇರ್ ಕೆಲಸದಲ್ಲಿರುವವರನ್ನು ಬಿಟ್ಟರೆ ಕಾಸರಗೋಡಿನಲ್ಲಿ ಯಾರೂ ಆ ಸುದ್ದಿ ಗಮನಿಸಿರಲಿಕ್ಕಿಲ್ಲ. ಈಗಲಾದರೂ ಗಮನಿಸಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಕೆಲವೇ ದಿನಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಯಂತ್ರ ಬರೆದ ಉತ್ತರಗಳು ತುಂಬಿದವು. ಓದಲು ಅಚ್ಚುಕಟ್ಟು, ಒಳಗೆ ತಪ್ಪು. ಡಿಸೆಂಬರ್‌ನಲ್ಲೇ ಅಂಥ ಉತ್ತರಗಳನ್ನು ನಿಷೇಧಿಸಿದರು. ಆದರೆ 2023ರ ಮೇ ಕೊನೆಗೆ ತಾಣ ನಡೆಸುವ ಕಂಪನಿ ಮಾಡರೇಟರ್‌ಗಳಿಗೆ ಬೇರೆ ಮಾತಾಡಿತು: ಎಐ ಬರೆದದ್ದೆಂಬ ಅನುಮಾನದ ಮೇಲೆ ಉತ್ತರ ತೆಗೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿ. ಪತ್ತೆ ಹಚ್ಚುವ ಉಪಕರಣಗಳು ಅಮಾಯಕರನ್ನೂ ಹಿಡಿಯುತ್ತವೆ ಎಂಬುದು ಕಂಪನಿಯ ಕಾರಣ. ಆ ಕಾರಣ ಸುಳ್ಳಲ್ಲ. ಆದರೆ ಉಪಕರಣವನ್ನಷ್ಟೇ ನಂಬಬಾರದೆಂದು ಮಾಡರೇಟರ್‌ಗಳಿಗೂ ಗೊತ್ತಿತ್ತು. ಅವರು ನಂಬಿದ್ದು ವರ್ಷಗಟ್ಟಲೆ ಓದಿ ಪಳಗಿದ ಕಣ್ಣನ್ನು. ತಮಗೆ ಒಳಗಿಂದ ಕೊಟ್ಟ ಸೂಚನೆ ಒಂದು, ಹೊರಗೆ ಪ್ರಕಟಿಸಿದ ನೀತಿ ಇನ್ನೊಂದು ಅನ್ನುವುದು ಅವರ ದೊಡ್ಡ ದೂರು. ಅದಕ್ಕೇ ಮುಷ್ಕರ. ಸ್ಪ್ಯಾಮ್ ಹಿಡಿಯಲು ಸ್ವಯಂಸೇವಕರೇ ನಡೆಸುತ್ತಿದ್ದ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಕೂಡ ಆಗ ನಿಂತಿತು. ಮಾತುಕತೆ ಮುಗಿದು ಹೊಸ ನಿಯಮಗಳಿಗೆ ಒಪ್ಪಿಗೆಯಾದದ್ದು ಆಗಸ್ಟ್‌ನಲ್ಲಿ.

ನಾನು ಪೂರ್ತಿ ಮಾಡರೇಟರ್‌ಗಳ ಪರ. ಬಿಟ್ಟಿ ದುಡಿಸಿಕೊಂಡವರ ತೀರ್ಮಾನವನ್ನು ಒಂದು ಸುತ್ತೋಲೆಯಿಂದ ಬದಿಗೆ ಸರಿಸುವುದು ಅನ್ಯಾಯ.

ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಊರಿನ ವಾಟ್ಸಾಪ್ ಗುಂಪಿಗೆ ಇತ್ತೀಚೆಗೆ ಯಾರೋ ಎಐಯಿಂದ ಬರೆಸಿದ ಲೇಖನ ಹಾಕಿದರು. ಕನ್ನಡ ಸೊಗಸಾಗಿತ್ತು, ಕಾಗುಣಿತದ ತಪ್ಪೂ ಇರಲಿಲ್ಲ. ರಾಜ್ಯಗಳ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ 'ಇಡೀ ಕಾಸರಗೋಡು ಜಿಲ್ಲೆಯನ್ನು' ಕರ್ನಾಟಕಕ್ಕೆ ಸೇರಿಸಲು ಹೇಳಿತು ಅಂತ ಅದರಲ್ಲಿತ್ತು. ಜಿಲ್ಲೆ ಹುಟ್ಟಿದ್ದೇ 1984ರಲ್ಲಿ! 1956ರ ನವೆಂಬರ್ 1ಕ್ಕೆ ಮೊದಲು ನಮ್ಮದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡಕ್ಕೆ ಸೇರಿದ ತಾಲೂಕು, ಆಮೇಲೆ ಕೇರಳದ ಕಣ್ಣೂರು ಜಿಲ್ಲೆಯ ತಾಲೂಕು. ಆಯೋಗ ಸೇರಿಸಲು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮಾತ್ರ. ಕುಂಬಳೆಯದೋ ಮಂಜೇಶ್ವರದ್ದೋ ಹಿರಿಯರೊಬ್ಬರ ಕೈಗೆ ಕೊಟ್ಟರೆ ಒಂದೇ ಓದಿಗೆ ತಪ್ಪು ಹಿಡಿಯುತ್ತಾರೆ. ಮೈಸೂರಿನಲ್ಲಿ ಕೂತು ಓದುವವರಿಗೆ ಇದು ಕಾಣುವುದು ಕಷ್ಟ, ಉಪಕರಣಕ್ಕಂತೂ ಕಾಣುವುದೇ ಇಲ್ಲ.

ಇಂಗ್ಲಿಷಿನಲ್ಲಿ ಒಂದು ತಪ್ಪು ಉತ್ತರವನ್ನು ತಿದ್ದಲು ಸಾವಿರ ಜನ ಸಿಕ್ಕಾರು. ಗಡಿನಾಡಿನ ಕನ್ನಡದ ಬಗ್ಗೆ ಅಂತರ್ಜಾಲದಲ್ಲಿ ಇರುವುದೇ ಸ್ವಲ್ಪ, ತಿದ್ದುವವರು ಇನ್ನೂ ಕಡಿಮೆ. ಅದರ ಮೇಲೆ ಇಂಥ ಹತ್ತು ಲೇಖನ ಬಿದ್ದರೆ ನಾಳೆ ಯಂತ್ರ ಓದುವುದೂ ಅದನ್ನೇ, ಮಕ್ಕಳು ಪ್ರಾಜೆಕ್ಟಿಗೆ ಇಳಿಸಿಕೊಳ್ಳುವುದೂ ಅದನ್ನೇ. ಎಪ್ಪತ್ತು ವರ್ಷದಿಂದ ನಮ್ಮ ಹಿರಿಯರು ಅರ್ಜಿ ಬರೆದು, ಸತ್ಯಾಗ್ರಹ ಕೂತು ಕಾದುಕೊಂಡ ದಾಖಲೆ ಇದು. ಕೈಯಾರ ಕಿಞ್ಞಣ್ಣ ರೈಗಳು ಬದುಕಿಡೀ ಹೋರಾಡಿದ ವಿಷಯ ಹೀಗೆ ಹಾಳಾಗುವುದನ್ನು ಸುಮ್ಮನೆ ನೋಡಲು ನನ್ನಿಂದಾಗದು.

ಎಐ ಬೇಡವೆನ್ನುತ್ತಿಲ್ಲ. ಕೋಡ್ ಬರೆಯುವಾಗ ನಾನೇ ಬಳಸುತ್ತೇನೆ, ಓಡಿಸಿ ನೋಡಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ಊರಿನ ಚರಿತ್ರೆಯನ್ನು ಹಾಗೆ ಓಡಿಸಿ ನೋಡಲು ಬರುವುದಿಲ್ಲ, ಬಲ್ಲವರು ಓದಬೇಕು, ತಪ್ಪಿದ್ದರೆ ಕಿತ್ತುಹಾಕುವ ಅಧಿಕಾರ ಅವರಿಗಿರಬೇಕು.

ಶಾಲೆಯ ಸ್ಮರಣ ಸಂಚಿಕೆ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಪುಸ್ತಕ ಮಾಡುತ್ತಿರುವವರಲ್ಲಿ ಒಂದು ವಿನಂತಿ. ಎಐಯಿಂದ ಬರೆಸಿದ್ದರೆ ಲೇಖಕರು ಮೊದಲೇ ಹೇಳಲಿ, ಅಚ್ಚಿಗೆ ಹೋಗುವ ಮುಂಚೆ ಊರಿನ ಇಬ್ಬರು ಹಿರಿಯರು ಓದಲಿ. ಬಡಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಓದಿಕೊಡಲು ಸಿದ್ಧರಿರುವವರು ಕೆಳಗೆ ಹೆಸರು ಹಾಕಿ, ನಾನೂ ಬರುತ್ತೇನೆ.