ಮೂರು ಪೆಸೊ ಮೇಯರ್

ಫಿಲಿಪ್ಪೀನ್ಸ್‌ನ ಪಟ್ಟಣವೊಂದಕ್ಕೆ ಮೇಯರ್ ಆಗಲು ಕಾಯ್ದೆ ಕೇಳುವುದು ಬಹಳ ಕಡಿಮೆ. ಆ ದೇಶದ ಪ್ರಜೆಯಾಗಿರಬೇಕು, ವಯಸ್ಸು 21 ತುಂಬಿರಬೇಕು, ಊರಲ್ಲಿ ಒಂದು ವರ್ಷವಾದರೂ ವಾಸವಿರಬೇಕು, ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಓದು ಬರಹ ಬರಬೇಕು. ಮನೆತನದ ಹೆಸರು ಏನಿರಬೇಕು ಅನ್ನುವುದನ್ನು ಎಲ್ಲೂ ಬರೆದಿಲ್ಲ. ಊರಿಗೆಲ್ಲ ಗೊತ್ತಿರುವ ವಿಷಯವನ್ನು ಬರೆದು ಕಾಗದ ಯಾಕೆ ಹಾಳು ಮಾಡುವುದು ಅಂದುಕೊಂಡಿರಬೇಕು.

ಮೂರು ವರ್ಷಕ್ಕೊಮ್ಮೆ, ಮೇ ತಿಂಗಳ ಎರಡನೇ ಸೋಮವಾರ ಚುನಾವಣೆ. ನಮ್ಮ ಪುರಸಭೆಗಳಂತೆ ಗೆದ್ದ ಸದಸ್ಯರು ಸೇರಿ ಅಧ್ಯಕ್ಷರನ್ನು ಆರಿಸುವ ಪದ್ಧತಿ ಅಲ್ಲಿಲ್ಲ. ಮೇಯರ್, ವೈಸ್ ಮೇಯರ್, ಎಂಟು ಮಂದಿ ಕೌನ್ಸಿಲರ್‌ಗಳು, ಎಲ್ಲರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ರೆಸಾರ್ಟ್ ಖರ್ಚು ಉಳಿಯಿತು. ಮೇಯರ್ ಆಡಳಿತ ನಡೆಸುತ್ತಾರೆ, ಅವರ ಮೇಲೆ ಕಣ್ಣಿಡಬೇಕಾದ ಕೌನ್ಸಿಲಿಗೆ ವೈಸ್ ಮೇಯರ್ ಅಧ್ಯಕ್ಷರು. ಗಂಡ ಮೇಯರ್, ಹೆಂಡತಿ ವೈಸ್ ಮೇಯರ್ ಆದ ಊರಿನಲ್ಲಿ ಈ ಕಣ್ಣಿಡುವ ಕೆಲಸ ರಾತ್ರಿ ಊಟದ ಹೊತ್ತಿಗೇ ಮುಗಿದುಹೋಗುತ್ತದೆ.

ಒಬ್ಬರು ಸತತವಾಗಿ ಮೂರು ಅವಧಿ ಮಾತ್ರ ಇರಬಹುದು, ಅಂದರೆ ಒಂಬತ್ತು ವರ್ಷ. ಈ ನಿಯಮ ಮಾಡಿದವರು ಒಬ್ಬನೇ ಕುರ್ಚಿಗೆ ಅಂಟಿ ಕೂರಬಾರದು ಅಂದುಕೊಂಡರು, ಕುಟುಂಬದ ಬಗ್ಗೆ ಯೋಚಿಸಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮಗೆ ಗೊತ್ತು. ಅಲ್ಲಿ ಟವೆಲಿನ ಬದಲು ಹೆಂಡತಿ, ತಮ್ಮ ಅಥವಾ ಮಗಳು. ಟವೆಲ್ ಮೂರು ವರ್ಷ ಸೀಟು ಕಾದರೆ ‘ಸತತ’ ಅನ್ನುವುದು ಮುರಿಯಿತು, ಯಜಮಾನರು ಮತ್ತೆ ಒಂಬತ್ತು ವರ್ಷಕ್ಕೆ ಅರ್ಹರು. ಮನಿಲಾ ಪಕ್ಕದ ನವೋಟಾಸ್ ನಗರದಲ್ಲಿ ಟಿಯಾಂಕೊ ಸಹೋದರರು ಇದನ್ನು ಇನ್ನೂ ಅಚ್ಚುಕಟ್ಟಾಗಿ ಮಾಡಿದ್ದಾರೆ. 2010ರಲ್ಲಿ ಟೋಬಿ ಸಂಸತ್ತಿಗೆ ಹೋದರು, ಜಾನ್ ರೇ ಮೇಯರ್ ಆದರು. 2019ರಲ್ಲಿ ಅದಲು. 2022ರಲ್ಲಿ ಬದಲು. ಎಲ್ಲವೂ ಮತದಾನದ ಮೂಲಕವೇ, ಕಾನೂನುಬದ್ಧವಾಗಿಯೇ.

ಹಾಗಾದರೆ ವಂಶಾಡಳಿತಕ್ಕೆ ತಡೆಯೇ ಇಲ್ಲವೇ ಅಂದರೆ, ಸಂವಿಧಾನದಲ್ಲೇ ಇದೆ. 1987ರ ಸಂವಿಧಾನದ ಎರಡನೇ ವಿಧಿಯ 26ನೇ ಸೆಕ್ಷನ್ ರಾಜಕೀಯ ವಂಶಾಡಳಿತವನ್ನು ನಿಷೇಧಿಸುತ್ತದೆ. ಹಿಂದೆಯೇ ಒಂದು ಪುಟ್ಟ ಬಾಲ: ‘ಕಾನೂನು ವ್ಯಾಖ್ಯಾನಿಸುವಂತೆ’. ವ್ಯಾಖ್ಯಾನಿಸಬೇಕಾದವರು ಸಂಸತ್ತಿನವರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ತೀರ್ಮಾನಿಸಲು ಬೆಕ್ಕುಗಳದ್ದೇ ಸಭೆ ಕರೆದ ಹಾಗಾಯಿತು. 2025ರ ಮೇ 12ರಂದು ಜನ ಮತ್ತೆ ಮತ ಹಾಕಿದಾಗ ಆ ವಾಕ್ಯಕ್ಕೆ 38 ವರ್ಷ, ಅಂಥ ಕಾನೂನು ಮಾತ್ರ ಹುಟ್ಟಿರಲಿಲ್ಲ.

ತಪ್ಪಾಯಿತು, ಒಂದು ಕಡೆ ಹುಟ್ಟಿದೆ. ಪ್ರತಿ ಬರಂಗಾಯ್‌ನಲ್ಲಿ, ಅಂದರೆ ಅಲ್ಲಿನ ವಾರ್ಡಿನಲ್ಲಿ, 18ರಿಂದ 24 ವರ್ಷದವರು ಸ್ಪರ್ಧಿಸುವ ಯುವ ಮಂಡಳಿ ಇದೆ. 2016ರ ಕಾಯ್ದೆಯ ಪ್ರಕಾರ ಅಧಿಕಾರದಲ್ಲಿರುವವರ ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು ಅದಕ್ಕೆ ನಿಲ್ಲುವಂತಿಲ್ಲ. ಪಟ್ಟಣದ ಕೌನ್ಸಿಲರ್ ಆಗಲು ಬೇಕಾದ ವಯಸ್ಸೂ ಹದಿನೆಂಟೇ. ಹಾಗಾಗಿ ಮೇಯರ್ ಸಾಹೇಬರ ಹದಿನೆಂಟರ ಮಗಳು ವಾರ್ಡಿನ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸುವ ಮಂಡಳಿಗೆ ನಿಂತರೆ ಪ್ರಜಾಪ್ರಭುತ್ವಕ್ಕೆ ಅಪಾಯ, ಊರಿನ ಬಜೆಟ್ ಪಾಸು ಮಾಡುವ ಕೌನ್ಸಿಲಿಗೆ ನಿಂತರೆ ಏನೂ ತೊಂದರೆಯಿಲ್ಲ.

ನಾಮಪತ್ರದ ವಿಷಯ ಇನ್ನೂ ಸೊಗಸು. 2025ರ ಚುನಾವಣೆಗೆ 2024ರ ಅಕ್ಟೋಬರ್ 1ರಿಂದ 8ರವರೆಗೆ ನಾಮಪತ್ರ ಪಡೆದರು, ಸ್ಥಳೀಯ ಪ್ರಚಾರ ಶುರುವಾಗಿದ್ದು ಮಾರ್ಚ್ 28ಕ್ಕೆ. ನಡುವಿನ ಐದೂವರೆ ತಿಂಗಳು ಆ ಮನುಷ್ಯ ಯಾರು? ಅಭ್ಯರ್ಥಿ ಅಲ್ಲ. ಸುರಿಗಾವೊ ದೆಲ್ ನೋರ್ಟೆ ಪ್ರಾಂತ್ಯದ ಸಾಂತಾ ಮೋನಿಕಾದ ಮೇಯರ್ ಸ್ಥಾನಕ್ಕೆ ನಿಂತ ಪೆನೇರಾ ಅವರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2009ರ ನವೆಂಬರ್‌ನಲ್ಲಿ ಇದನ್ನು ಇತ್ಯರ್ಥ ಮಾಡಿತು: ಪ್ರಚಾರದ ಅವಧಿ ಶುರುವಾದ ಮೇಲಷ್ಟೇ ಅಭ್ಯರ್ಥಿ. ಅಭ್ಯರ್ಥಿಯೇ ಇಲ್ಲದ ಮೇಲೆ ಅವಧಿಪೂರ್ವ ಪ್ರಚಾರದ ಅಪರಾಧ ಎಲ್ಲಿಂದ ಬರಬೇಕು? ಮಜಾ ಏನೆಂದರೆ, ಅದೇ ಕೋರ್ಟು ಸೆಪ್ಟೆಂಬರ್‌ನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೇಳಿತ್ತು.

ಹೀಗಾಗಿ ಆ ಐದೂವರೆ ತಿಂಗಳು ಊರ ತುಂಬ ಫ್ಲೆಕ್ಸು. ಕ್ರಿಸ್‌ಮಸ್ ಶುಭಾಶಯ, ಊರಹಬ್ಬದ ಶುಭಾಶಯ, ಪ್ರೇಮಿಗಳ ದಿನದ ಶುಭಾಶಯ. ಶುಭಾಶಯ ಅಂಗೈಯಷ್ಟು, ಮುಖ ಮಂಚದಷ್ಟು. ಮಾರ್ಚ್ 28ರಿಂದ ಮಾತ್ರ ಕಾಯ್ದೆ ಎಚ್ಚರಗೊಂಡು ಪೋಸ್ಟರ್ ಎರಡಡಿ ಮೂರಡಿ ದಾಟಬಾರದು ಅನ್ನುತ್ತದೆ. ಚುನಾವಣಾ ಆಯೋಗದವರು ಏಣಿ ಹಿಡಿದು ದೊಡ್ಡದನ್ನೆಲ್ಲ ಕಿತ್ತುಹಾಕುತ್ತಾರೆ. ನಿಜವಾಗಿ ಅಭ್ಯರ್ಥಿಯಾದ ದಿನವೇ ಪಾಪ, ಮುಖ ಚಿಕ್ಕದಾಗುತ್ತದೆ.

ಇನ್ನು ಖರ್ಚು. 1991ರ ಕಾಯ್ದೆಯ ಪ್ರಕಾರ ಪಕ್ಷದಿಂದ ನಿಂತ ಸ್ಥಳೀಯ ಅಭ್ಯರ್ಥಿ ನೋಂದಾಯಿತ ಮತದಾರನೊಬ್ಬನಿಗೆ 3 ಪೆಸೊದಂತೆ ಖರ್ಚು ಮಾಡಬಹುದು. ಯಾವ ಪಕ್ಷದ ಬೆಂಬಲವೂ ಇಲ್ಲದವನಿಗೆ 5 ಪೆಸೊ, ಬಡಪಾಯಿ ಅಂತ. ಅಂದಿನಿಂದ ಅಕ್ಕಿ, ಪೆಟ್ರೋಲು ಎಲ್ಲ ಏರಿದವು, ಈ 3 ಮಾತ್ರ ಧ್ರುವ ನಕ್ಷತ್ರ. 40,000 ಮತದಾರರ ಪಟ್ಟಣ ಅಂದುಕೊಳ್ಳಿ, ಒಟ್ಟು 1,20,000 ಪೆಸೊ. ಇದರಲ್ಲೇ ಪೋಸ್ಟರ್, ಟೀಶರ್ಟ್, ಮುಖ ಅಚ್ಚಾದ ಬೀಸಣಿಗೆ, ಟ್ರೈಸಿಕಲ್ ಮೇಲೆ ದಿನವಿಡೀ ಕಿರುಚುವ ಹಾಡು, ಸಭೆಗೆ ಬಂದವರಿಗೆ ಊಟ ಎಲ್ಲ ಆಗಬೇಕು. ಒಬ್ಬನ ಕೈಗೆ 500ರ ಒಂದೇ ಒಂದು ನೋಟು ಜಾರಿದರೆ 166 ಮತದಾರರ ಪಾಲು ಖಲಾಸ್. 240 ಜನಕ್ಕೆ ಜಾರಿದರೆ ಇಡೀ ಚುನಾವಣೆಯ ಖರ್ಚೇ ಮುಗಿಯಿತು, ಪೋಸ್ಟರಿಗೆ ಅಂಟೂ ಸಿಗುವುದಿಲ್ಲ.

ನೋಟು ಜಾರುವುದು ಮಾದರಿ ಮತಪತ್ರದ ಮಡಿಕೆಯೊಳಗಿಂದ, ಸಾಮಾನ್ಯವಾಗಿ ಹಿಂದಿನ ರಾತ್ರಿ. ಆ ರಾತ್ರಿ ಮದ್ಯ ನಿಷೇಧ ಬೇರೆ ಇರುತ್ತದೆ. ಎಣಿಸಿಕೊಳ್ಳುವಾಗ ಯಾರಿಗೂ ತಪ್ಪಬಾರದಲ್ಲ! ಮುಜುಗರ ಪಡುವವರಿಗೆ ಮರ್ಯಾದಸ್ಥ ದಾರಿಯೂ ಉಂಟು: ವಾಚರ್ ಕೆಲಸ, ಅಂದರೆ ಬೂತ್ ಏಜೆಂಟಿಕೆ. ಬೂತಿಗೆ ಇಬ್ಬರನ್ನು ನೇಮಿಸಬಹುದು, ಅವರೂ ಸರದಿ ಮೇಲೆ ಕೂರಬೇಕು. 50 ಬೂತಿಗೆ 100 ಜನ ಸಾಕು. ಆದರೆ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ‘ವಾಚರ್ ತರಬೇತಿ’ ಇಟ್ಟರೆ ಬೀದಿಗೆ ಬೀದಿಯೇ ಎದ್ದು ಬರುತ್ತದೆ. ಹಾಜರಿ, ಸಹಿ, ಊಟದ ಪೊಟ್ಟಣ, ಭತ್ಯೆ. ಹಾಜರಿ ಪುಸ್ತಕ ನೋಡಿದವರಿಗೆ ಮತ ಹಾಕಲು ಯಾರು ಉಳಿದರು ಅನ್ನುವುದೇ ಅನುಮಾನವಾಗುತ್ತದೆ.

ಮತಗಟ್ಟೆಯೊಳಗೆ ಮಾತ್ರ ಬಹಳ ಶಿಸ್ತು. 2025ರಲ್ಲಿ ದಕ್ಷಿಣ ಕೊರಿಯಾದ ಮೀರು ಕಂಪನಿಯ ಎಣಿಕೆ ಯಂತ್ರಗಳು ಬಂದಿದ್ದವು. ಹೆಸರಿನ ಪಕ್ಕದ ಮೊಟ್ಟೆಯಾಕಾರವನ್ನು ಕೊಟ್ಟ ಪೆನ್ನಿನಿಂದ ಪೂರ್ತಿ ತುಂಬಬೇಕು. ಕೌನ್ಸಿಲರ್ ಸಾಲಿನಲ್ಲಿ ಎಂಟರ ಬದಲು ಏಳು ತುಂಬಿದರೆ ಏಳೂ ಎಣಿಕೆಗೆ ಬರುತ್ತವೆ, ಒಂಬತ್ತು ತುಂಬಿದರೆ ಒಂಬತ್ತೂ ವ್ಯರ್ಥ. ಎಲ್ಲರ ಋಣ ತೀರಿಸಲು ಹೊರಟ ಪ್ರಾಮಾಣಿಕನಿಗೆ ಬೀಳುವ ದಂಡ ಇದು.

ಮತಪತ್ರ ಅಚ್ಚಾದ ಮೇಲೆ ಅಭ್ಯರ್ಥಿ ತೀರಿಕೊಂಡರೆ? ಅದಕ್ಕೂ ವ್ಯವಸ್ಥೆ ಇದೆ. ಸಾವು ಅಥವಾ ಅನರ್ಹತೆಯ ಪ್ರಸಂಗದಲ್ಲಿ ಪಕ್ಷವು ಮತದಾನದ ದಿನ ಮಧ್ಯಾಹ್ನದವರೆಗೂ ಬದಲಿ ಕೊಡಬಹುದು, ಒಂದು ಷರತ್ತಿನ ಮೇಲೆ: ಬದಲಿಯವರ ಮನೆತನದ ಹೆಸರೂ ಅದೇ ಆಗಿರಬೇಕು. ಅಚ್ಚಾದ ಹೆಸರನ್ನು ತಿದ್ದಲಾಗದು, ಹಾಗಾಗಿ ಅದಕ್ಕೆ ಬಿದ್ದ ಮತವೆಲ್ಲ ಬದಲಿಯವರ ಲೆಕ್ಕಕ್ಕೆ. ಮೊದಲು ಹೇಳಿದ ಅರ್ಹತೆಗಳ ಪಟ್ಟಿಯಲ್ಲಿ ಇಲ್ಲದ್ದು ಕೊನೆಗೆ ಇಲ್ಲಿ ಸಿಕ್ಕಿತು ನೋಡಿ.

ಇಷ್ಟೆಲ್ಲ ಆಗಿಯೂ ಮತಗಳು ಸಮ ಬಿದ್ದರೆ ಅದೃಷ್ಟ ಪರೀಕ್ಷೆ. 2013ರಲ್ಲಿ ಓರಿಯೆಂಟಲ್ ಮಿಂಡೋರೊ ಪ್ರಾಂತ್ಯದ ಸಾನ್ ತಿಯೊದೊರೊ ಪಟ್ಟಣದಲ್ಲಿ ಇಬ್ಬರು ಮೇಯರ್ ಅಭ್ಯರ್ಥಿಗಳಿಗೂ ಬಿದ್ದದ್ದು 3,236 ಮತ. ನಾಣ್ಯ ಚಿಮ್ಮಿ ಮೇಯರ್ ಯಾರೆಂದು ತೀರ್ಮಾನಿಸಿದರು. ಚುನಾವಣೆ ಮುಗಿದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಪ್ರಮಾಣ ಮಾಡಿ ಖರ್ಚಿನ ಲೆಕ್ಕ ಸಲ್ಲಿಸಬೇಕು. ನಾಣ್ಯ ಹೇಗೂ ತಿರುಗಿ ಜೇಬಿಗೇ ಬರುತ್ತದೆ, ಅದನ್ನು ಬರೆಯಬೇಕಾಗಿಲ್ಲ.