ಮುಳ್ಳು ಬಲಕ್ಕೆ, ಸ್ಟೇಷನ್ ಎಡಕ್ಕೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಹಳೇ ರೇಡಿಯೊ ಟ್ಯೂನರ್‌ನ ಮುಳ್ಳನ್ನು ಎಳೆಯುವ ಡಯಲ್ ದಾರ ಐದನೇ ಸಲ ಚಿಮ್ಮಿ ಹೋಯಿತು. ಬೆರಳ ಮೇಲೆ ಇನ್ನೂ ಗೆರೆ ಇದೆ. ಅದಕ್ಕೇ ಈ ಗೋಳು.

ಹಳೇ ವಾಲ್ವ್ ಸೆಟ್ (ಟ್ರಾನ್ಸಿಸ್ಟರ್ ಬದಲು ಬಿಸಿಯಾಗುವ ಗಾಜಿನ ಕೊಳವೆಗಳಿರುವ ಸೆಟ್) ಕೊಳ್ಳುವ ಹುಚ್ಚಿದ್ದವರಿಗೆ ಮಾರುವವರ ಮಾತು ಬಾಯಿಪಾಠ. "ಮೊನ್ನೆ ತನಕ ಚೆನ್ನಾಗಿ ಹಾಡ್ತಿತ್ತು ಸರ್, ಧೂಳು ಒರೆಸಿದ್ರೆ ಸಾಕು." ಈ ಮೊನ್ನೆ ಯಾವ ವರ್ಷದ್ದು ಅಂತ ನಾನು ಯಾವತ್ತೂ ಕೇಳಿಲ್ಲ. ಕೇಳಿದ್ದರೆ ಒಂದೂ ಸೆಟ್ ಮನೆಗೆ ಬರುತ್ತಿರಲಿಲ್ಲ. ಈ ಸಲ ಮಾರಿದವನು ಆಂಪ್ಲಿಫೈಯರ್ ಜೊತೆ, ಸ್ಟೇಷನ್ ಹಿಡಿಯುವ ಒಂದು ಟ್ಯೂನರನ್ನೂ ದಾಟಿಸಿದ. "ಸ್ಟೀರಿಯೊ ಸರ್!" ಅಂದ. ಮನೆಗೆ ತಂದು ಹಿಂಭಾಗ ನೋಡಿದರೆ 'ಮಲ್ಟಿಪ್ಲೆಕ್ಸ್' ಅಂತ ಬರೆದ ಒಂಟಿ ತೂತು. ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊ ಶುರುವಾಗಿದ್ದೇ 1961ರಲ್ಲಿ. ಅದಕ್ಕೆ ಮೊದಲಿನ ಕೆಲವು ಟ್ಯೂನರ್‌ಗಳಲ್ಲಿ, ಮುಂದೆ ಬೇಕಾದರೆ ಸ್ಟೀರಿಯೊ ಅಡಾಪ್ಟರ್ ಸಿಕ್ಕಿಸಿಕೊಳ್ಳಿ ಅಂತ ಬಿಟ್ಟ ತೂತು ಅದು. ನನ್ನದು ಅಪ್ಪಟ ಮೊನೊ.

ಆಂಪ್ಲಿಫೈಯರ್ ಕೆಲಸ ಬೇಗ ಮುಗಿಯಿತು. ಇಂಥ ಮುದಿ ಸೆಟ್ಟನ್ನು ಸೀದಾ ಪ್ಲಗ್ಗಿಗೆ ಹಾಕಬಾರದು, ನಡುವೆ ಒಂದು ಬಲ್ಬ್ ಇರಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಧಗ್ಗನೆ ಉರಿಯುತ್ತದೆ. ಪುಣ್ಯಕ್ಕೆ ಮಂಕಾಯಿತು. ಆದರೆ ಸ್ಪೀಕರ್‌ನಲ್ಲಿ ಹಾಡಿಗಿಂತ ಗುಂಯ್ ಜಾಸ್ತಿ. ಆ ಗುಂಯ್ ತಡೆಯಬೇಕಾದ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿದ್ದವು, ಬದಲಾಯಿಸಿದೆ. ಸ್ವಿಚ್ ಆರಿಸಿದ ಮೇಲೂ ಅವುಗಳಲ್ಲಿ 300 ವೋಲ್ಟ್ ಉಳಿದಿರಬಹುದು. ಅದನ್ನು ಮೊದಲು ಖಾಲಿ ಮಾಡಬೇಕು. ಕರೆಂಟ್ ಇರುವಾಗ ಒಳಗೆ ಅಳೆಯುವುದಿದ್ದರೆ ಒಂದು ಕೈ ಜೇಬಿನಲ್ಲಿರಬೇಕು ಅಂತ ಹಿರಿಯರು ಹೇಳುತ್ತಾರೆ.

ಡಯಲ್ ದಾರಕ್ಕೆ ಮಾತ್ರ ಮೂರು ಕೈ ಬೇಕು. ಹಿರಿಯರು ಇದನ್ನು ಯಾಕೆ ಹೇಳಲಿಲ್ಲವೋ!

ದಾರ ಸ್ಟೇಷನ್ ಬದಲಿಸುವ ಚಕ್ರದಿಂದ ಹೊರಟು ಪುಟ್ಟ ರಾಟೆಗಳನ್ನು ದಾಟಿ, ಗುಂಡಿಯ ಕಡ್ಡಿಗೆ ಎರಡೂವರೆ ಸುತ್ತು ಸುತ್ತಿಕೊಂಡು, ವಾಪಸು ಚಕ್ರಕ್ಕೆ ಬಂದು ಸ್ಪ್ರಿಂಗ್‌ಗೆ ಬಿಗಿಯಬೇಕು. ಕೊನೆಯ ರಾಟೆಗೆ ಏರಿಸುವಾಗ ಮೊದಲನೆಯದರಿಂದ ಜಾರುತ್ತದೆ. ಎರಡು ಸಲ ಹಾಗಾಯಿತು. ಮೂರನೇ ಸಲ ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಹೋಯಿತು. ನಾಲ್ಕನೇ ಸಲ ಹೆಂಡತಿಯನ್ನು ಕರೆದೆ.

"ಇಲ್ಲಿ ಬೆರಳಿಡು."

"ಎಷ್ಟು ಹೊತ್ತು?"

"ಒಂದೇ ನಿಮಿಷ."

ಹತ್ತು ನಿಮಿಷ ಇಟ್ಟಳು. ನಾನು ಗಂಟು ಹಾಕಲು ಬಗ್ಗಿದೆ, ಅವಳ ಫೋನ್ ಹೊಡೆದುಕೊಂಡಿತು. ಬೆರಳು ಫೋನಿಗೆ, ದಾರ ನನ್ನ ಮೂಗಿಗೆ. "ನೀವು ಒಂದು ನಿಮಿಷ ಅಂದಿದ್ರಿ ಅಲ್ವಾ?" ಅಂದಳು. ನ್ಯಾಯವಾದ ಮಾತೇ.

ಐದನೆಯದರ ಕಥೆ ಆಗಲೇ ಹೇಳಿದೆ. ಸಿಟ್ಟಿನಲ್ಲಿ ಕಸದ ಬುಟ್ಟಿಗೆ ಹಾಕಿದ್ದ ಹಳೇ ದಾರವನ್ನು ತೆಗೆದು ನೋಡಿದೆ. ಅದರ ತುದಿಯಲ್ಲಿ ಸಾಸಿವೆಕಾಳಿನಷ್ಟು ಚಿಕ್ಕ, ಅಚ್ಚುಕಟ್ಟಾದ ಗಂಟು. ಬಿಚ್ಚದಿರಲಿ ಅಂತ ಮೇಲೊಂದು ಹನಿ ವಾರ್ನಿಷ್. ಯಾರೋ ಯಾವತ್ತೋ ಒಬ್ಬರೇ ಕೂತು ಹಾಕಿದ್ದು. ಅವರಿಗೂ ಬೆರಳು ಉರಿದಿರಬೇಕು. ಅವರು ಹೆಸರನ್ನೂ ಬರೆದಿಟ್ಟಿಲ್ಲ. ಸ್ವಲ್ಪ ಹೊತ್ತು ಆ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ನೆ ಕೂತೆ.

ಆರನೇ ಸಲ ನಿಂತಿತು! ರಾತ್ರಿ ಒಂದು ಗಂಟೆ. ನಾನೂ ಗಂಟಿಗೆ ವಾರ್ನಿಷ್ ಹಚ್ಚಿದೆ. ವಾಲ್ವ್‌ಗಳು ಕೆಂಪಗಾದವು, ಬಿಸಿ ಧೂಳಿನ ಆ ಪರಿಮಳ ಬಂತು. ಗುಂಡಿ ತಿರುಗಿಸಿದೆ, ಮುಳ್ಳು ಬೆಣ್ಣೆಯಂತೆ ಜಾರಿತು. ದಿನಾ ಕೇಳುವ 93ರ ಸ್ಟೇಷನ್ ಮಾತ್ರ 103ರಲ್ಲಿ ಸಿಕ್ಕಿತು.

ಚಕ್ರಕ್ಕೆ ದಾರ ಉಲ್ಟಾ ಸುತ್ತಿದ್ದೆ.

ಬಿಚ್ಚುವುದಿಲ್ಲ. ಡಯಲ್ ಮೇಲಿರುವುದು 88ರಿಂದ 108. ಮುಳ್ಳು ತೋರಿಸಿದ್ದನ್ನು 196ರಿಂದ ಕಳೆದರೆ ಹೆಚ್ಚುಕಮ್ಮಿ ಲೆಕ್ಕ ಸರಿಹೋಗುತ್ತದೆ. ಹೆಂಡತಿಗೂ ಹೇಳಿಕೊಟ್ಟಿದ್ದೇನೆ, ಅವಳು ಟ್ಯೂನರ್ ಮುಟ್ಟುವುದನ್ನೇ ಬಿಟ್ಟಿದ್ದಾಳೆ. ನಡುವಿನ 98ರಲ್ಲಿ ಮಾತ್ರ ಮುಳ್ಳು ನಿಜ ಹೇಳುತ್ತದೆ. ಅಲ್ಲಿ ಯಾವ ಸ್ಟೇಷನ್ನೂ ಇಲ್ಲ.