ಮಿಗ್-21 ಹುಬ್ಬಳ್ಳಿ-ಧಾರವಾಡಕ್ಕೆ ಬರಬೇಕಾ?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನ ವಾಯುಸೇನೆಗೆ ವಿದಾಯ ಹೇಳಿತು. 1963ರಲ್ಲಿ ಸೇರಿದ್ದೂ ಅದೇ ಊರಲ್ಲಿ. ಹಾರಾಟ ಮುಗಿಸಿದ ವಿಮಾನಗಳನ್ನು ಕಾಲೇಜು, ಉದ್ಯಾನ, ವೃತ್ತಗಳಲ್ಲಿ ನಿಲ್ಲಿಸುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ನಮ್ಮ ಅವಳಿ ನಗರಕ್ಕೂ ಒಂದು ಬರಲಿ ಅನ್ನುವುದು ಹೈಸ್ಕೂಲ್ ವಿಜ್ಞಾನ ಶಿಕ್ಷಕರೊಬ್ಬರ ಆಸೆ. ಬೇಡ ಅನ್ನುವವರು ವಾಯುಸೇನೆಯಲ್ಲೇ ದುಡಿದು ಬಂದವರು.

ಪರ: ಮಕ್ಕಳು ಮುಟ್ಟಿ ನೋಡಲಿ

ದಸರಾ ರಜೆ ಮುಗಿದ ಮೇಲೆ, ಎತ್ತಿಟ್ಟುಕೊಂಡಿದ್ದ ಪೇಪರನ್ನು ಒಂಬತ್ತನೇ ಕ್ಲಾಸಿಗೆ ತಗೊಂಡು ಹೋದೆ. ಮಿಗ್-21ರ ಫೋಟೋ ಕೈಯಿಂದ ಕೈಗೆ ದಾಟಿ ಕೊನೆಯ ಬೆಂಚಿಗೆ ಹೋಯಿತು. ಅಲ್ಲಿಂದ ಒಬ್ಬ ಹುಡುಗಿ ಕೇಳಿದಳು: "ಸರ, ಇದರ ಮೂಗಿನಾಗ ಅಷ್ಟ ದೊಡ್ಡ ತೂತ ಯಾಕ ಐತ್ರಿ? ಒಳಗ ಮತ್ತೇನೋ ಚೂಪಂದು ಕುಂತೈತಿ."

ಎಂಥ ಪ್ರಶ್ನೆ ಅಲ್ವಾ! ಆ ತೂತಿನಿಂದಲೇ ಎಂಜಿನ್ ಉಸಿರು ಎಳೆದುಕೊಳ್ಳುತ್ತದೆ. ಈ ವಿಮಾನ ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲದು. ಆ ವೇಗದ ಗಾಳಿ ಹಾಗೇ ನುಗ್ಗಿದರೆ ಎಂಜಿನ್ ತಡೆಯುವುದಿಲ್ಲ. ಮಧ್ಯದಲ್ಲಿರುವ ಶಂಕು ಗಾಳಿಯ ವೇಗ ತಗ್ಗಿಸಿ ಒಳಗೆ ಬಿಡುತ್ತದೆ. ವಿಮಾನದ ವೇಗ ಹೆಚ್ಚಿದಾಗ ಶಂಕು ಮುಂದಕ್ಕೆ ಚಾಚುತ್ತದೆ. ರಾಡಾರ್ ಇರುವುದೂ ಅದರ ಹೊಟ್ಟೆಯಲ್ಲೇ. ಬೋರ್ಡ್ ಮೇಲೆ ಚಿತ್ರ ಬರೆದು ಇದನ್ನೆಲ್ಲ ಹೇಳಿದೆ. ಎಲ್ಲರೂ ಹೂಂ ಅಂದರು. ತಿಳಿದಿರಲಿಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅದೇ ಮಕ್ಕಳನ್ನು ಗದಗ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಉಗಿಬಂಡಿಯ ಗಾಲಿಗೆ ಕೂಡಿಸಿದ ಕಬ್ಬಿಣದ ತೋಳನ್ನು ಒಬ್ಬ ಹುಡುಗ ಹಿಡಿದುಕೊಂಡೇ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ತನ್ನ ಮೊಣಕೈಯನ್ನು ಹಿಂದೆ ಮುಂದೆ ಆಡಿಸಿ, "ಹಿಂಗ ಅಲ್ರೀ ಸರ?" ಅಂದ. ನಾನು ಎರಡು ಪೀರಿಯಡ್ ತಗೊಂಡು ಹೇಳಿದ್ದು ಅವನಿಗೆ ಎರಡು ನಿಮಿಷದಲ್ಲಿ ತಿಳಿದಿತ್ತು.

ವಿಮಾನದ ವಿಷಯದಲ್ಲಿ ನಮ್ಮ ಮಕ್ಕಳಿಗೆ ಆ ಅವಕಾಶ ಇಲ್ಲ. ಕುಂದಗೋಳ, ನವಲಗುಂದದ ಕಡೆಯ ಮಗು ಗೋಕುಲ ರಸ್ತೆಗೆ ಬಂದರೂ ಏರ್‌ಪೋರ್ಟಿನ ಕಾಂಪೌಂಡ್ ಆಚೆ ನಿಂತು ಕತ್ತೆತ್ತಿ ನೋಡಬೇಕು, ಅಷ್ಟೇ. ಬೆಂಗಳೂರಿನಲ್ಲಿ ಎಚ್‌ಎಎಲ್ ಮ್ಯೂಸಿಯಂ ಇದೆ. ಅಲ್ಲಿ ನಮ್ಮ ದೇಶದಲ್ಲೇ ಮಾಡಿದ ಮರುತ್ ಯುದ್ಧವಿಮಾನ ಇದೆ. ಆದರೆ ಬೆಂಗಳೂರು ಇಲ್ಲಿಂದ ನಾನೂರು ಕಿಲೋಮೀಟರು. ಕೂಲಿ ಮಾಡುವ ತಾಯಿ ಶಾಲೆಯ ಪ್ರವಾಸಕ್ಕೆ ದುಡ್ಡು ಹೊಂದಿಸುವುದು ಎಷ್ಟು ಕಷ್ಟ ಅಂತ ಪ್ರತಿ ವರ್ಷ ನೋಡುತ್ತೇನೆ.

ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ನಿಂತಿದೆ. ಈಗ ಅದರ ಪಕ್ಕಕ್ಕೆ ನೌಕಾಪಡೆಯ ದೊಡ್ಡ ಟುಪೊಲೆವ್ ವಿಮಾನವೂ ಬಂದಿದೆ. ಅಲ್ಲಿಗೆ ಆಗಿದ್ದು ಇಲ್ಲಿಗೆ ಯಾಕೆ ಆಗಬಾರದು? ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಬೆಟದೂರಿನವರು. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಹಳ್ಳಿಗಳ ನಡುವೆ ಇರುವ ಊರು ಇದು. ಉಣಕಲ್ ಕೆರೆಯ ಹತ್ತಿರ, ಟಿಕೆಟ್ ಇಲ್ಲದ ಜಾಗದಲ್ಲಿ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಒಂದು ಮಿಗ್ ನಿಲ್ಲಲಿ. ಆ ಹುಡುಗಿಯನ್ನು ಕರೆದುಕೊಂಡು ಹೋಗಿ ಮೂಗಿನ ಮುಂದೆ ನಿಲ್ಲಿಸುತ್ತೇನೆ. ಒಳಗೆ ಇಣುಕಿ ನೋಡಲಿ.

ವಿರೋಧ: ಇದಕ್ಕೆ ಸಹಿ ಹಾಕುವವರು ಯಾರು?

ನಾನು ಗದಗ ಜಿಲ್ಲೆಯವನು. ಇಪ್ಪತ್ತು ವರ್ಷ ಏರ್‌ಫೋರ್ಸಿನಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿಕೊಳ್ಳುವವನು, ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಮಿಗ್-21 ಜೊತೆಗೇ ಕಳೆದೆ. ಈ ವಿಮಾನದ ಮೇಲೆ ನನಗಿರುವಷ್ಟು ಪ್ರೀತಿ ಈ ಊರಲ್ಲಿ ಜಾಸ್ತಿ ಜನಕ್ಕೆ ಇರಲಾರದು. ಬೇಡ ಅಂತ ಹೇಳುವುದೂ ಆ ಪ್ರೀತಿಯಿಂದಲೇ.

ನಮ್ಮ ಕೆಲಸ ಹೇಗಿತ್ತು ಅಂತ ಮೊದಲು ಹೇಳಬೇಕು. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು, ತಲೆ ತಗ್ಗಿಸಿ, ವಿಮಾನ ನಿಲ್ಲುವ ಜಾಗದಲ್ಲಿ ನಡೆಯುತ್ತಿದ್ದೆವು. ಒಂದು ಹರಳು, ಒಂದು ತಂತಿ ಚೂರು ಕಂಡರೂ ಆರಿಸಿ ಚೀಲಕ್ಕೆ ಹಾಕಬೇಕು. ಎಂಜಿನ್ ಅದನ್ನು ಎಳೆದುಕೊಂಡರೆ ಮುಗಿಯಿತು. ಆಮೇಲೆ ಟಾರ್ಚ್ ಹಿಡಿದು ಮೂಗಿನಿಂದ ಬಾಲದವರೆಗೆ ನೋಡುವುದು. ರೆಕ್ಕೆಯ ಅಂಚಿಗೆ ಅಂಗೈ ಸವರುವುದು. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ. ರಾಜಸ್ಥಾನದ ಮೇ ತಿಂಗಳಲ್ಲಿ ಆ ಲೋಹ ಕಾದ ಹಂಚಿನ ಹಾಗಿರುತ್ತಿತ್ತು. ಕೆಲಸ ಮುಗಿದ ಮೇಲೆ ಪಾನಾಗಳನ್ನು ಎಣಿಸಬೇಕು. ಒಂದು ಕಡಿಮೆ ಬಿದ್ದರೂ ವಿಮಾನ ಏಳುವಂತಿಲ್ಲ. ಕೊನೆಗೆ ಫಾರ್ಮ್ 700. ಯಾವ ಕೆಲಸ ಯಾರು ಮಾಡಿದರು, ಯಾರು ನೋಡಿದರು, ಎಲ್ಲಕ್ಕೂ ಅದರಲ್ಲಿ ಸಹಿ. ಆ ಸಹಿಗಳನ್ನು ನಂಬಿ ಪೈಲಟ್ ತಾನೂ ಸಹಿ ಹಾಕಿ ಏಣಿ ಹತ್ತುತ್ತಿದ್ದರು.

ರಿಟೈರ್ ಆಗಿ ಬರುವಾಗ ಒಂದು ಊರಿನ ವೃತ್ತದಲ್ಲಿ ಹಳೆಯ ಯುದ್ಧವಿಮಾನ ಕಂಡಿತು. ಬಸ್ಸಿನಿಂದ ಇಳಿದು ಹೋಗಿ ನೋಡಿದೆ. ರೆಕ್ಕೆಗೆ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ್ದರು. ಎಂಜಿನ್ ಬಾಯಲ್ಲಿ ಪಾರಿವಾಳದ ಗೂಡು. ಟೈರು ಕುಸಿದು, ರಿಮ್ಮು ಕಟ್ಟೆಗೆ ತಾಗಿತ್ತು. ಕಾಕ್‌ಪಿಟ್ಟಿನ ಗಾಜು ಹಳದಿಯಾಗಿ ಬಿರುಕು ಬಿಟ್ಟಿತ್ತು. ಮೈಮೇಲೆ ಮೊಳೆಯಿಂದ ಕೆತ್ತಿದ ಹೆಸರುಗಳು. ರೆಕ್ಕೆಯ ಅಂಚಿಗೆ ಕೈ ಇಟ್ಟೆ, ಹಳೆಯ ಚಾಳಿ. ಬಣ್ಣದ ಜೊತೆ ಬಿಳಿ ಪುಡಿ ಅಂಗೈಗೆ ಬಂತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆ ಬಿಳಿ ಪುಡಿ ಅಂದರೆ ಅಲ್ಯೂಮಿನಿಯಂ ಕೊಳೆಯುವುದು. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗುವ ಕಡೆ ನೀರು ನಿಂತರೆ ಸಾಕು, ಒಳಗಿಂದ ತಿನ್ನಲು ಶುರು ಮಾಡುತ್ತದೆ. ಹೊರಗೆ ಬಣ್ಣ ಹೊಡೆದರೆ ಕಾಣುವುದಿಲ್ಲ, ಅಷ್ಟೇ. ಧಾರವಾಡದ ಮಳೆ ಸುಮ್ನೆ ಬಂದು ಹೋಗುವ ಮಳೆ ಅಲ್ಲ, ದಿನಗಟ್ಟಲೆ ಜಿಟಿಜಿಟಿ ಹಿಡಿಯುತ್ತದೆ. ಹುಬ್ಬಳ್ಳಿಯ ನೆಲ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ಐದಾರು ಟನ್ ತೂಕದ ವಿಮಾನವನ್ನು ಕಂಬಕ್ಕೆ ಏರಿಸಿದರೆ ಅಡಿಪಾಯ ಎಷ್ಟು ಗಟ್ಟಿ ಇರಬೇಕು ಯೋಚಿಸಿ.

ಉಗಿಬಂಡಿ ಇಟ್ಟಿಲ್ಲವೇ ಅಂತ ಶಿಕ್ಷಕರು ಕೇಳುತ್ತಾರೆ. ಅದು ಬೆರಳು ದಪ್ಪದ ಕಬ್ಬಿಣ, ಇದು ಕೆಲವೇ ಮಿಲಿಮೀಟರಿನ ತಗಡು. ಅಲ್ಲಿ ನೋಡಿಕೊಳ್ಳಲು ರೈಲ್ವೆಯವರೂ ಇದ್ದಾರೆ. ಕೆರೆ ದಂಡೆಯ ವಿಮಾನಕ್ಕೆ ಉದ್ಘಾಟನೆಯ ದಿನ ಬರುವವರು ಬಹಳ. ಮೂರನೇ ಮಳೆಗಾಲದಲ್ಲಿ ನೀರು ಇಳಿಯುವ ತೂತುಗಳಿಂದ ಕಸ ತೆಗೆಯುವವರು ಯಾರು?

ಇನ್ನೊಂದು ಮಾತು ಇದೆ. ಬರೆಯಲು ಕಷ್ಟ. 2012ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಲೆಕ್ಕ ಕೊಟ್ಟರು. ವಾಯುಸೇನೆ ಪಡೆದ ಬೇರೆ ಬೇರೆ ಬಗೆಯ 872 ಮಿಗ್‌ಗಳಲ್ಲಿ 482 ಅಪಘಾತಕ್ಕೆ ಹೋಗಿದ್ದವು. ಸತ್ತ ಪೈಲಟ್‌ಗಳು 171. ಊರಿನ ಜನರೂ 39. ವೃತ್ತದ ಫಲಕದಲ್ಲಿ ಏನಿರುತ್ತದೆ? ವೇಗ, ಉದ್ದ, ಉದ್ಘಾಟಿಸಿದವರ ಹೆಸರು. ಬಾಂಗ್ಲಾ ಯುದ್ಧದಲ್ಲಿ, 1971ರ ಡಿಸೆಂಬರ್ 14ರಂದು, ಢಾಕಾದ ಗವರ್ನರ್ ಬಂಗಲೆ ಮೇಲೆ ಎರಗಿದ್ದು ಇದೇ ಮಿಗ್-21. ಅದನ್ನು ಹೆಮ್ಮೆಯಿಂದ ಬರೆಯೋಣ. ಆದರೆ ಏಣಿ ಹತ್ತಿ ಹೋಗಿ ವಾಪಸ್ ಬಾರದ ಹುಡುಗರ ವಿಮಾನವೂ ಇದೇ. ಅದರ ಕೆಳಗೆ ಜನ ಐಸ್‌ಕ್ರೀಂ ತಿಂದು ಕಾಗದ ಎಸೆಯುವುದನ್ನು ನನ್ನಿಂದ ನೋಡಲು ಆಗದು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗಲೇಬೇಕು, ಅದರಲ್ಲಿ ಶಿಕ್ಷಕರ ಜೊತೆ ನಾನೂ ಇದ್ದೇನೆ. ಅದಕ್ಕೆ ಇಡೀ ವಿಮಾನ ಬೇಕಿಲ್ಲ. ಒಂದು ಎಂಜಿನ್ ಕೇಳಿ. ಉದ್ದಕ್ಕೆ ಸೀಳಿ ತೆರೆದ ಎಂಜಿನ್ ಆದರೆ ಇನ್ನೂ ಒಳ್ಳೆಯದು. ಶಂಕು ಸಮೇತ ಮೂಗಿನ ಭಾಗ ಸಿಕ್ಕರೆ ಅದನ್ನೂ ಕೇಳಿ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರದಂಥ ಕಡೆ, ಸೂರಿನ ಕೆಳಗೆ ಇಡಿಸಿ. ಹೊರಗೆ ನಿಂತ ವಿಮಾನದಲ್ಲಿ ಮಕ್ಕಳಿಗೆ ಕಾಣುವುದು ಬಣ್ಣದ ತಗಡು ಮಾತ್ರ. ಸೀಳಿದ ಎಂಜಿನ್‌ನಲ್ಲಿ ಗಾಳಿ ಎಲ್ಲಿ ಒತ್ತುತ್ತದೆ, ಎಲ್ಲಿ ಉರಿಯುತ್ತದೆ, ಎಲ್ಲಿಂದ ಚಿಮ್ಮುತ್ತದೆ ಅಂತ ಬೆರಳಿಟ್ಟು ತೋರಿಸಬಹುದು.

ತೋರಿಸಲು ನಾನು ಬರುತ್ತೇನೆ. ಗದಗದಿಂದ ಎಷ್ಟು ಹೊತ್ತಿನ ದಾರಿ! ಪ್ರತಿ ಶನಿವಾರ ಬಂದು ಧೂಳು ಒರೆಸಿ, ಒಂದು ಪುಸ್ತಕ ಇಟ್ಟು, ಏನು ನೋಡಿದೆ ಅಂತ ಬರೆದು ಸಹಿ ಹಾಕಿ ಹೋಗುತ್ತೇನೆ.